ಹೊಸತೊಡಕಿನ ಕುರಿ ಮಾಂಸ: ವಾಸನೆ, ಕೆಡದಂತೆ ಇಡುವ ಕ್ರಮ, ಬೇಯಿಸುವ ಹದ

ಪ್ರಶ್ನೆ: ಯುಗಾದಿಯ ಮರುದಿನದ ಹೊಸತೊಡಕಿಗೆ ಊರಿನ ಮಾಂಸದ ಚೀಟಿಯಿಂದ (ಹಲವರು ಹಣ ಕೂಡಿಸಿ ಕುರಿ ಕೊಂಡು ಹಂಚಿಕೊಳ್ಳುವ ಏರ್ಪಾಡು) ನಮ್ಮ ಪಾಲಿಗೆ ಎರಡು ಗುಡ್ಡೆ ಕುರಿ ಮಾಂಸ ಬರುತ್ತದೆ. ಬೆಂಗಳೂರಿಗೆ ತಂದು ನೇರವಾಗಿ ಫ್ರೀಜರ್‌ನಲ್ಲಿಟ್ಟರೆ, ಮುಂದೆ ಎಷ್ಟು ಬೇಯಿಸಿದರೂ ನಾರುನಾರಾಗಿಯೇ ಉಳಿಯುತ್ತದೆ. ಮಕ್ಕಳು ಕುರಿ ವಾಸನೆಯೆಂದು ಮುಟ್ಟುವುದಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮಂಡ್ಯ ಸೀಮೆಯಿಂದ:

ಮಾಂಸ ಗಟ್ಟಿಯಾಗುವುದು ಬಹುಮಟ್ಟಿಗೆ ಫ್ರೀಜರ್‌ಗೆ ಹಾಕುವ ಆತುರದಿಂದ. ಕುರಿಯನ್ನು ಕೊಯ್ದ ಕೆಲವು ಗಂಟೆಗಳಲ್ಲಿ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಆಮೇಲೆ ಮಾಂಸದಲ್ಲಿಯೇ ಇರುವ ಕಿಣ್ವಗಳು ಆ ಬಿಗಿತವನ್ನು ನಿಧಾನವಾಗಿ ಸಡಿಲಿಸುತ್ತವೆ. ಸ್ನಾಯುಗಳು ಪೂರ್ತಿ ಬಿಗಿದುಕೊಳ್ಳುವ ಮೊದಲೇ ಮಾಂಸ ಹೆಪ್ಪುಗಟ್ಟಿದರೆ, ನಿಂತುಹೋದ ಬಿಗಿತವು ಅದು ಕರಗುವಾಗ ಮತ್ತೆ ಕಾಣಿಸಿಕೊಂಡು ಎಳೆಗಳು ವಿಪರೀತವಾಗಿ ಕುಗ್ಗುತ್ತವೆ. ಆದ್ದರಿಂದ ಬೆಳಗ್ಗೆ ಕೊಯ್ದ ಮಾಂಸವನ್ನು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ತಂದು, ಫ್ರಿಜ್‌ನ ಕೆಳಗಿನ ಅರೆಯಲ್ಲಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಪೂರ್ತಿ ದಿನ ಇರಿಸಿ, ಅನಂತರ ಫ್ರೀಜರ್‌ಗೆ ಹಾಕಿ. ಯುಗಾದಿಯ ಹೊತ್ತಿಗೆ ಬಿಸಿಲು ಏರಿರುವುದರಿಂದ ಮಂಜುಗಡ್ಡೆಯನ್ನು ಮಾತ್ರ ಮರೆಯಬಾರದು.

ಗುಡ್ಡೆಯಲ್ಲಿ ಕುರಿಯ ಎಲ್ಲ ಭಾಗಗಳೂ ಸಮನಾಗಿ ಬೆರೆತಿರುತ್ತವೆ. ಪಾಲಿನಲ್ಲಿ ಯಾರಿಗೂ ಅನ್ಯಾಯವಾಗಬಾರದೆಂಬ ಆ ಪದ್ಧತಿ ನನಗೆ ಬಹಳ ಮೆಚ್ಚುಗೆಯದು, ಆದರೆ ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟರೆ ಯಾವುದೂ ಸರಿಯಾಗಿ ಉಳಿಯದು, ಸರಿಯಾಗಿ ಬೇಯುವುದೂ ಇಲ್ಲ. ಈಲಿ (ಲಿವರ್) ಮತ್ತು ಬೋಟಿಯನ್ನು (ಕರುಳು) ಅಂದೇ ಅಥವಾ ಮರುದಿನ ಅಡುಗೆಗೆ ಬಳಸಿ. ಮೂಳೆ, ಖಂಡ ಮತ್ತು ಕೊಬ್ಬನ್ನು ಬೇರ್ಪಡಿಸಿ. ಶೇಖರಿಸುವ ಮುನ್ನ ತೊಳೆಯಬೇಡಿ, ಏಕೆಂದರೆ ಉಳಿದ ನೀರಿನ ಪಸೆಯಿಂದ ಮಾಂಸ ಬೇಗ ಕೆಡುತ್ತದೆ. ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟನ್ನು ಗಾಳಿ ಹೋಗುವಂತೆ ಒತ್ತಿ, ತೆಳ್ಳಗೆ ಹರಡಿದ ಪೊಟ್ಟಣಗಳಾಗಿ ಕಟ್ಟಿದರೆ ಹೆಪ್ಪುಗಟ್ಟುವುದೂ ಬೇಗ, ಕರಗುವುದೂ ಬೇಗ. ಮೈನಸ್ 18 ಡಿಗ್ರಿಯಲ್ಲಿ ಖಂಡವು ಆರು ತಿಂಗಳು, ಕೈಮ ಮೂರು ತಿಂಗಳು ರುಚಿ ಉಳಿಸಿಕೊಳ್ಳುತ್ತವೆ.

ಇನ್ನು ವಾಸನೆ. ಕುರಿಯ ವಿಶಿಷ್ಟ ವಾಸನೆಯು ಅದರ ಕೊಬ್ಬಿನಲ್ಲಿರುವ ಕೆಲವು ಕೊಬ್ಬಿನಾಮ್ಲಗಳಿಂದ ಬರುತ್ತದೆ. ಪ್ರಾಯ ಏರಿದಂತೆ, ಅದರಲ್ಲಿಯೂ ಬೀಜ ಒಡೆಸದ ಟಗರಿನಲ್ಲಿ, ಅದು ತೀಕ್ಷ್ಣವಾಗುತ್ತದೆ. ಅರಿಶಿಣದ ನೀರಿನಲ್ಲಿ ನಾಲ್ಕಾರು ಸಲ ತೊಳೆದರೆ ರಕ್ತ ಹೋಗುತ್ತದೆಯೇ ಹೊರತು ಕೊಬ್ಬಿನಲ್ಲಿ ಕರಗಿರುವ ವಾಸನೆ ಹೋಗುವುದಿಲ್ಲ. ಹೊರಮೈಯ ದಪ್ಪ ಬಿಳಿ ಕೊಬ್ಬನ್ನು ಫ್ರೀಜರ್‌ಗೆ ಹಾಕುವ ಮುನ್ನವೇ ಕತ್ತರಿಸಿ ತೆಗೆಯಿರಿ, ಏಕೆಂದರೆ ಅಲ್ಲಿಯೂ ಕೊಬ್ಬು ಗಾಳಿ ತಾಗಿ ನಿಧಾನವಾಗಿ ಕಮಟುತ್ತಲೇ ಇರುತ್ತದೆ, ಹಳೆಯ ಮಾಂಸದ ಕೆಟ್ಟ ವಾಸನೆಗೆ ಹೆಚ್ಚಾಗಿ ಅದೇ ಕಾರಣ. ಎಳೆಗಳ ನಡುವಿನ ಕೊಬ್ಬನ್ನು ಬಿಡಿ. ನಮ್ಮ ಬಂಡೂರು ಕುರಿಯ ಮಾಂಸಕ್ಕೆ ಇಷ್ಟು ಹೆಸರು ಬಂದಿರುವುದು ಆ ಒಳಕೊಬ್ಬಿನಿಂದಲೇ. ಚೀಟಿಯವರಿಗೆ ಮೊದಲೇ ಹೇಳಿ ಹಾಲುಹಲ್ಲಿನ ಮರಿಗಳನ್ನು ಕೊಳ್ಳುವಂತೆ ಒಪ್ಪಿಸಿದರೆ ಅರ್ಧ ಕೆಲಸ ಮುಗಿದಂತೆ.

ಬೇಯಿಸುವಾಗ ಮಾಂಸವನ್ನು ಈರುಳ್ಳಿ, ಉಪ್ಪು, ಅರಿಶಿಣದೊಂದಿಗೆ ಮುಚ್ಚಳವಿಲ್ಲದೆ, ಬಿಟ್ಟುಕೊಂಡ ನೀರು ಇಂಗುವವರೆಗೆ ಹುರಿಯಿರಿ. ಹಸಿ ವಾಸನೆ ಆ ಆವಿಯ ಜೊತೆ ಬಹಳಷ್ಟು ಹೋಗುತ್ತದೆ. ಆಮೇಲೆ ಕೊತ್ತಂಬರಿ ಬೀಜ, ಚಕ್ಕೆ, ಲವಂಗ, ಗಸಗಸೆ, ತೆಂಗಿನಕಾಯಿ ರುಬ್ಬಿದ ಮಸಾಲೆ ಸೇರಿಸಿ ಸಣ್ಣ ಉರಿಯಲ್ಲಿ ಬೇಯಿಸಿ. ಕುರಿಯ ಕೊಬ್ಬು ಸ್ವಲ್ಪ ತಣಿದರೂ ಗಟ್ಟಿಯಾಗಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ, ಆದ್ದರಿಂದ ಸಾರನ್ನು ಬಿಸಿ ಮುದ್ದೆಯ ಜೊತೆ ಕುದಿ ಆರುವ ಮುನ್ನವೇ ಬಡಿಸಬೇಕು.

ಮೆಲ್ಬರ್ನ್‌ನಿಂದ:

ಮೇಲಿನ ಮಾತಿಗೆ ಇಲ್ಲಿನ ಅನುಭವವನ್ನು ಸೇರಿಸುತ್ತೇನೆ. ಆಸ್ಟ್ರೇಲಿಯಾದಲ್ಲಿ 2019ರ ಜುಲೈನಿಂದ ಜಾರಿಯಲ್ಲಿರುವ ವ್ಯಾಖ್ಯೆಯಂತೆ ಲ್ಯಾಂಬ್ ಎಂದರೆ ಒಂದು ವರ್ಷದೊಳಗಿನ, ಅಥವಾ ಶಾಶ್ವತ ಬಾಚಿಹಲ್ಲು ಪೂರ್ತಿಯಾಗಿ ಬೆಳೆಯದ ಕುರಿ. ಆ ಮಾಂಸ ಮೃದು, ವಾಸನೆಯೂ ಮಂದ. ಊರಿನ ಲೆಕ್ಕದಲ್ಲಿ ಕುಕ್ಕರ್ ಸೀಟಿ ಹಾಕಿಸಿದರೆ ಪುಡಿಪುಡಿಯಾಗುತ್ತದೆ.

ಭಾಗವನ್ನು ನೋಡಿ ಹದ ನಿರ್ಧರಿಸುವುದು ಒಳ್ಳೆಯದು. ಕುತ್ತಿಗೆ, ಭುಜ, ಮೊಣಕಾಲುಗಳಂತೆ ಹೆಚ್ಚು ದುಡಿಯುವ ಭಾಗಗಳಲ್ಲಿ ಕೊಲಾಜನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನ್ ಬಹಳ. ಅದು ತೇವದ ಬಿಸಿಯಲ್ಲಿ ಗಂಟೆಗಟ್ಟಲೆ ಬೆಂದಾಗ ಜಿಲಾಟಿನ್ ಆಗಿ ಸಾರಿಗೆ ಸಾಂದ್ರತೆ ಕೊಡುತ್ತದೆ. ಬೆನ್ನಿನ ಚಾಪ್ಸ್‌ಗೆ ಕಾವಲಿಯ ಮೇಲೆ ಕೆಲವೇ ನಿಮಿಷ ಸಾಕು: ಒಳಗಿನ ಬಿಸಿ 63 ಡಿಗ್ರಿ ಮುಟ್ಟಿದ ಮೇಲೆ ಇಳಿಸಿ ಮೂರು ನಿಮಿಷ ಬಿಡಬೇಕು. ಕೈಮ ಉಂಡೆ ಮಾತ್ರ 71 ಡಿಗ್ರಿಯವರೆಗೆ ಬೇಯಲೇಬೇಕು, ಏಕೆಂದರೆ ಕೊಚ್ಚುವಾಗ ಹೊರಮೈಯ ಸೂಕ್ಷ್ಮಾಣುಗಳು ಒಳಗೂ ಸೇರಿರುತ್ತವೆ. ಹೆಪ್ಪುಗಟ್ಟಿದ ಮಾಂಸವನ್ನು ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿ ಕರಗಿಸಿ. ಅಡುಗೆಕಟ್ಟೆಯ ಮೇಲಿಟ್ಟರೆ ಒಳಗೆ ಗಡ್ಡೆಯಿರುವಾಗಲೇ ಹೊರಭಾಗ ಕೆಡಲಾರಂಭಿಸುತ್ತದೆ.

ಹಾಸನದಿಂದ:

ಬಲಿತ ಕುರಿಯೇ ಪಾಲಿಗೆ ಬಂದರೆ ಹಸಿ ಪಪ್ಪಾಯಿಕಾಯಿಯ ಅರೆದ ತಿರುಳನ್ನು ಒಂದು ಕೆಜಿ ಖಂಡಕ್ಕೆ ಒಂದೆರಡು ಚಮಚ ಸವರಿ ಅರ್ಧ ಗಂಟೆ ಬಿಟ್ಟು ಬೇಯಿಸಿ. ಹೆಚ್ಚು ಹೊತ್ತು ಬಿಟ್ಟರೆ ಹೊರಮೈ ಹಿಟ್ಟಿನಂತಾಗುತ್ತದೆ. ಉಳಿದ ಸಾರನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿದರೆ ಮರುದಿನ ಮೇಲೆ ಕಟ್ಟಿದ ಕೊಬ್ಬಿನ ಪದರವನ್ನು ಸುಲಭವಾಗಿ ತೆಗೆಯಬಹುದು. ವಾಸನೆಗೆ ಹಿಂಜರಿಯುವ ಮಕ್ಕಳಿಗೆ ಹೀಗೆ ಕೊಬ್ಬು ತೆಗೆದು ಚೆನ್ನಾಗಿ ಕುದಿಸಿದ ಮರುದಿನದ ಸಾರನ್ನೇ ಮೊದಲು ಬಡಿಸಿ ನೋಡಿ.