ಪದಚರ್ಚೆ: ರಿಸೆಸಿವ್ ಎಂದರೆ ‘ದುರ್ಬಲ’ವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಅನುವಂಶೀಯ ಕಾಯಿಲೆಗಳ ಬಗ್ಗೆ ಒಂದು ಲೇಖನ ಬರೆಯಲು ಎರಡು ವಾರದಿಂದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂರುತ್ತಿದ್ದೇನೆ. ವಿಷಯಕ್ಕಿಂತ ಪದಗಳೇ ಹೆಚ್ಚು ಕಾಡುತ್ತಿವೆ, ಅದರಲ್ಲೂ ತಳಿವಿಜ್ಞಾನದ (ಜೆನೆಟಿಕ್ಸ್) ‘ರಿಸೆಸಿವ್’.

ಮೊದಲು ಎಡವಿದ್ದು ಕ್ಯಾಟಲಾಗಿನಲ್ಲಿ. ‘ತಳಿವಿಜ್ಞಾನ’ ಎಂದು ಹುಡುಕಿದರೆ ಒಂದು ಪಟ್ಟಿ, ‘ತಳಿಶಾಸ್ತ್ರ’ ಎಂದರೆ ಇನ್ನೊಂದು, ‘ಅನುವಂಶೀಯತೆ’ ಎಂದರೆ ಮತ್ತೊಂದು. ಬರೀ ‘ತಳಿ’ ಎಂದು ಹಾಕಿದೆ, ಭತ್ತ, ಹಸು, ಕುರಿ ಎಲ್ಲ ಸಾಲಾಗಿ ಬಂದವು. ಅದರಲ್ಲಿ ತಪ್ಪೇನಿಲ್ಲ, ತಳಿ ಎಂದ ಕೂಡಲೇ ನಮಗೆ ನೆನಪಾಗುವುದೂ ಅವೇ ತಾನೇ. ಕೊನೆಗೆ ಪದಗಳ ಸಹವಾಸ ಬಿಟ್ಟು, ಗ್ರಂಥಾಲಯದವರು ಪುಸ್ತಕಗಳನ್ನು ವಿಷಯವಾರು ಜೋಡಿಸಲು ಬಳಸುವ ಡ್ಯೂಯಿ ವರ್ಗಸಂಖ್ಯೆ ಹಿಡಿದೆ: 576.5. ಹಳೆಯ ಪುಸ್ತಕಗಳು ಮಾತ್ರ ಇನ್ನೂ 575.1ರಲ್ಲೇ ಕೂತಿವೆ. 1996ರ ಪರಿಷ್ಕರಣೆಯಲ್ಲಿ ಸಂಖ್ಯೆ ಬದಲಾಯಿತು, ಆದರೆ ಒಂದೊಂದೇ ಪುಸ್ತಕದ ಬೆನ್ನಿನ ಚೀಟಿ ಕಿತ್ತು ಹೊಸದು ಅಂಟಿಸುವ ತಾಳ್ಮೆ ಯಾರಿಗಿದೆ! ಅನುವಂಶೀಯ ಕಾಯಿಲೆ ಬೇಕಾದರೆ ವೈದ್ಯಕೀಯದ ಕಪಾಟಿಗೆ, 616.042ಕ್ಕೆ ಹೋಗಬೇಕು.

ಇನ್ನು ನನ್ನ ಪ್ರಶ್ನೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಜೀನ್ ಬಂದರೂ ಕಾಣಿಸುವ ಗುಣ ಡಾಮಿನೆಂಟ್, ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸುವುದು ರಿಸೆಸಿವ್. ಇವಕ್ಕೆ ನಾನು ನೋಡಿದ ಕನ್ನಡ ಪುಸ್ತಕಗಳಲ್ಲಿ ‘ಪ್ರಬಲ’, ‘ದುರ್ಬಲ’ ಎಂದಿದೆ. ಕೆಲವರು ‘ಅಪ್ರಬಲ’ ಎನ್ನುತ್ತಾರೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರಕ್ತಹೀನತೆ ರಿಸೆಸಿವ್ ಕಾಯಿಲೆ. ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಬಂದವರ ಜೀವ ಹಿಂಡುತ್ತದೆ. ಇದನ್ನು ‘ದುರ್ಬಲ ಜೀನಿನಿಂದ ಬರುವ ಕಾಯಿಲೆ’ ಎಂದು ಬರೆದು ಮನೆಯಲ್ಲಿ ಓದಲು ಕೊಟ್ಟೆ. “ಹಾಗಾದ್ರೆ ಅಷ್ಟೇನೂ ತೊಂದರೆ ಇಲ್ಲ ಅಲ್ವಾ?” ಎಂದರು. ಅಲ್ಲೇ ಆ ವಾಕ್ಯ ಹೊಡೆದುಹಾಕಿದೆ.

ಮರುದಿನ, ತಳಿವಿಜ್ಞಾನಕ್ಕೆ ಬುನಾದಿ ಹಾಕಿದ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಬಂಧದ ಅನುವಾದ ತೆಗೆಸಿ ಓದಿದೆ. ‘ರಿಸೆಸಿವ್’ ಎಂಬ ಪದ ಏಕೆ ಎಂದು ಅವರೇ ಹೇಳಿದ್ದಾರೆ: ಇಂಥ ಗುಣಗಳು ಸಂಕರದಲ್ಲಿ (ಎರಡು ಬಗೆ ಕೂಡಿ ಹುಟ್ಟಿದ್ದರಲ್ಲಿ) ಹಿಂದೆ ಸರಿಯುತ್ತವೆ ಅಥವಾ ಪೂರಾ ಮರೆಯಾಗುತ್ತವೆ, ಅದರ ಸಂತತಿಯಲ್ಲಿ ಇದ್ದ ಹಾಗೇ ಮತ್ತೆ ಕಾಣಿಸಿಕೊಳ್ಳುತ್ತವೆ. ಬಲದ ಮಾತೇ ಇಲ್ಲ. ಗುಂಡು ಕಾಳು, ಸುಕ್ಕು ಕಾಳು ಕೂಡಿಸಿದಾಗ ಬಂದದ್ದೆಲ್ಲ ಗುಂಡು. ಅದರ ಮುಂದಿನ ಪೀಳಿಗೆಯ 7324 ಕಾಳುಗಳಲ್ಲಿ 5474 ಗುಂಡು, 1850 ಸುಕ್ಕು. ಒಂದು ಪೀಳಿಗೆ ಅಡಗಿ ಕೂತಿದ್ದರಿಂದ ಸುಕ್ಕು ಚೂರೂ ಕಮ್ಮಿಯಾಗಿರಲಿಲ್ಲ.

ಪಿಷ್ಟದ ಸರಪಳಿಗೆ ಕವಲು ಮೂಡಿಸುವ ಒಂದು ಕಿಣ್ವದ ಜೀನು ಕೆಟ್ಟರೆ ಕಾಳು ಸುಕ್ಕಾಗುತ್ತದೆ ಎಂಬುದು 1990ರಲ್ಲಿ ಗೊತ್ತಾಯಿತು. ಸರಿಯಾದ ಜೀನು ಒಂದಿದ್ದರೂ ಕಾಳು ಗುಂಡಗಾಗುತ್ತದೆ. ಆದರೆ ಅದೇ ಸಂಕರ ಕಾಳಿನ ಪಿಷ್ಟದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಅತ್ತ ಗುಂಡು ಕಾಳಿನವೂ ಅಲ್ಲ, ಇತ್ತ ಸುಕ್ಕು ಕಾಳಿನವೂ ಅಲ್ಲ, ನಡುವಿನವು. ಬರಿಗಣ್ಣಿಗೆ ‘ಪ್ರಬಲ’ವಾಗಿದ್ದದ್ದು ಮಸೂರದಡಿ ಹಾಗಿರುವುದಿಲ್ಲ. ಹೀಗಿರುವಾಗ ಜೀನಿಗೇ ಬಲ ಅಂಟಿಸುವುದು ನನಗೆ ಸರಿಕಾಣುತ್ತಿಲ್ಲ.

ಬದಲಿ ಪದಗಳನ್ನು ಯೋಚಿಸಿದೆ. ‘ಸುಪ್ತ’ ಚೆನ್ನಾಗಿದೆ, ಆದರೆ ಬೀಜ ಮೊಳೆಯದೆ ಕಾಯುವ ಸುಪ್ತಾವಸ್ಥೆ ಬೇರೆಯೇ ಸಂಗತಿ, ಬಟಾಣಿ ವಿಷಯದಲ್ಲಂತೂ ಗೊಂದಲ ಖಂಡಿತ. ‘ಅವ್ಯಕ್ತ’ ಎಂದರೆ ಜೀನಿನ ಅಭಿವ್ಯಕ್ತಿಯ (ಜೀನು ಕೆಲಸಕ್ಕೆ ಇಳಿಯುವುದರ) ಜೊತೆ ಸಿಕ್ಕಿಕೊಳ್ಳುತ್ತದೆ. ‘ಮರೆಗುಣ’ ಇಷ್ಟವಾಗಿತ್ತು, ಓದಿದವರು ಮರೆವಿನ ಕಾಯಿಲೆಯೇ ಎಂದು ಕೇಳಿದರು! ಸದ್ಯಕ್ಕೆ ಮನಸ್ಸು ವಾಲಿರುವುದು ‘ಅಡಗುಗುಣ’ದ ಕಡೆಗೆ. ಅದಕ್ಕೆ ಜೋಡಿಯಾಗಿ ಡಾಮಿನೆಂಟ್‌ಗೆ ಏನೆನ್ನಲಿ? ‘ಎದ್ದುಗುಣ’ ಕಿವಿಗೆ ಒರಟು.

ದನ, ಕುರಿ ಸಾಕಿದ ಮನೆಯವರು ಇಲ್ಲಿದ್ದರೆ ಇನ್ನೊಂದು ಮಾತು: ತಾಯಿಗೂ ಇಲ್ಲದ, ಹೋರಿಗೂ ಇಲ್ಲದ ಬಣ್ಣ ಕರುವಿಗೆ ಬಂದಾಗ ಅದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ? ಅಂಥದೊಂದು ಆಡುಮಾತು ಇದ್ದೇ ಇರಬೇಕು. ಸಿಗುವವರೆಗೆ ಲೇಖನದಲ್ಲಿ ‘ರಿಸೆಸಿವ್’ ಎಂದೇ ಇಟ್ಟಿದ್ದೇನೆ.