ಕಾಲ್‌ನಲ್ಲಿ ಅಣ್ಣನ ಮಾತು ಒಮ್ಮೆ ಎಳೆಯುತ್ತದೆ, ಒಮ್ಮೆ ಓಡುತ್ತದೆ, ಎಂತ ಇದು?

ಉಡುಪಿ_ಅಕ್ಕ
ಅಣ್ಣ ಬಹ್ರೇನ್‌ನಲ್ಲಿದ್ದಾನೆ. ರಾತ್ರಿ ಊಟ ಆದ ಮೇಲೆ ಇಂಟರ್ನೆಟ್ ಕಾಲ್ ಮಾಡುತ್ತಾನೆ. ಆ ಹೊತ್ತಿಗೆ ಮಗ ಟೀವಿಯಲ್ಲಿ ವಿಡಿಯೊ ಹಾಕಿದರೆ ಸಾಕು, ಅಣ್ಣನ ಮಾತು ರಬ್ಬರಿನ ಹಾಗೆ ಎಳೆಯುತ್ತದೆ, ಆಮೇಲೆ ಬಸ್ಸು ತಪ್ಪಿಹೋಗುವವರ ಹಾಗೆ ಗಡಿಬಿಡಿಯಲ್ಲಿ ಓಡುತ್ತದೆ. ಸ್ಪೀಡ್ ಟೆಸ್ಟ್‌ನಲ್ಲಿ 80 ಎಂಬಿಪಿಎಸ್ ಬರುತ್ತದೆ. ಜಿಟ್ಟರ್ ಬಫರ್ ಅಂತ ಯಾರೋ ಹೇಳಿದರು. ಅರ್ಥ ಆಗುವ ಹಾಗೆ ಹೇಳಿ ಮಾರಾಯ್ರೆ.

ಪಡುಬಿದ್ರೆ_ಭಾವ
ಸುಮ್ನೆ ದೊಡ್ಡ ಪ್ಲ್ಯಾನ್ ಹಾಕಿಸಿ, ಸರಿಯಾಗ್ತದೆ.

ಬಿಜೈ_ವೈರ್
ಭಾವ, ದುಡ್ಡು ದಂಡ. ಮಾತಿಗೆ ಬೇಕಾಗುವುದು ಎಷ್ಟು? ಕಾಲ್‌ನ ಸದ್ದನ್ನು ಕುಗ್ಗಿಸಿ ಕಳಿಸುವ ಓಪಸ್ ಅನ್ನುವ ಕೋಡೆಕ್ 30 ಕೆಬಿಪಿಎಸ್ ಆಸುಪಾಸಿನಲ್ಲೇ ಚೆಂದ ಕೇಳುತ್ತದೆ.

ಅಕ್ಕಾ, ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡು ಮಾಡಿ, ನಂಬರ್ ಮತ್ತು ಟೈಮ್‌ಸ್ಟಾಂಪ್ ಹಾಕಿ ಕಳಿಸುತ್ತಾರೆ, ಸೆಕೆಂಡಿಗೆ 50 ಪ್ಯಾಕೆಟ್. ಹೊರಡುವಾಗ ಸಾಲಾಗಿಯೇ ಹೊರಡುತ್ತವೆ. ನಿಮ್ಮ ವೈಫೈನಲ್ಲಿ ವಿಡಿಯೊ ರಾಶಿರಾಶಿಯಾಗಿ ಬರುತ್ತದೆ ನೋಡಿ, ಅದರ ಹಿಂದೆ ಸಿಕ್ಕಿಕೊಂಡು ಒಂದು ಪ್ಯಾಕೆಟ್ 10 ಮಿಲಿಸೆಕೆಂಡ್ ತಡ, ಇನ್ನೊಂದು 90. ಈ ಏರುಪೇರೇ ಜಿಟ್ಟರ್.

ನೀರುದೋಸೆ ಬಡಿಸುವಾಗ ಕಾವಲಿಯಿಂದ ಬಂದದ್ದನ್ನು ನೇರ ಎಲೆಗೆ ಹಾಕಿದರೆ ಒಮ್ಮೆ ಮೂರು ಒಟ್ಟಿಗೆ, ಒಮ್ಮೆ ಕೈಕಟ್ಟಿ ಕೂರಬೇಕು. ಅದಕ್ಕೆ ನಾಲ್ಕೈದು ತಟ್ಟೆಯಲ್ಲಿಟ್ಟುಕೊಂಡು ಒಂದೇ ಲೆಕ್ಕದಲ್ಲಿ ಬಡಿಸುವುದು. ನಿಮ್ಮ ಫೋನಿನೊಳಗಿನ ಆ ತಟ್ಟೆಯೇ ಬಫರ್. ಜಾಸ್ತಿ ಇಟ್ಟರೆ ತಣ್ಣಗಾಗುತ್ತದೆ, ಅಂದರೆ ಮಾತು ತಡ. ಅಂತಾರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುನ ಜಿ.114 ಶಿಫಾರಸಿನ ಪ್ರಕಾರ ಒಂದು ದಿಕ್ಕಿಗೆ 150 ಮಿಲಿಸೆಕೆಂಡಿನೊಳಗಿದ್ದರೆ ಒಳ್ಳೆಯದು, ತುಂಬ ಮೀರಿದರೆ ಇಬ್ಬರೂ ಒಟ್ಟಿಗೆ ಬಾಯಿ ತೆಗೆದು "ನೀನು ಹೇಳು, ನೀನು ಹೇಳು" ಅನ್ನುವುದೇ ಆಗುತ್ತದೆ. ಕಡಿಮೆ ಇಟ್ಟರೆ, ತಡವಾಗಿ ಬಂದ ಪ್ಯಾಕೆಟ್‌ನ ಸರದಿ ಮುಗಿದಿರುತ್ತದೆ, ಬಿಸಾಡಬೇಕು.

ಮಣಿಪಾಲ_ಹಾಸ್ಟೆಲ್
ಅದೆಲ್ಲ ಸರಿ ಅಣ್ಣ, ಎಳೆಯುವುದು ಯಾಕೆ?

ಬಿಜೈ_ವೈರ್
ಈ ಬಫರ್ ಅಡಾಪ್ಟಿವ್, ಅಂದರೆ ಲೈನ್ ನೋಡಿಕೊಂಡು ತನ್ನ ಅಳತೆ ತಾನೇ ಬದಲಿಸುತ್ತದೆ. ಇತ್ತೀಚೆಗೆ ಬಂದ ಪ್ಯಾಕೆಟ್‌ಗಳು ಎಷ್ಟೆಷ್ಟು ತಡವಾದವು ಅಂತ ಬಫರ್ ಲೆಕ್ಕ ಇಡುತ್ತದೆ. ಎಲ್ಲದಕ್ಕೂ ಕಾಯುವುದಿಲ್ಲ, ಹೆಚ್ಚಿನವು ಬಂದು ಮುಟ್ಟುವಷ್ಟು ಹೊತ್ತು ಮಾತ್ರ. ಜಿಟ್ಟರ್ ಜಾಸ್ತಿಯಾದರೆ ತಟ್ಟೆ ತುಂಬಿಸಿಕೊಳ್ಳಬೇಕಲ್ವಾ, ಆಗ ಕೈಯಲ್ಲಿರುವ ಮಾತನ್ನೇ ಎಳೆದು ಹೊತ್ತು ಗಿಟ್ಟಿಸುತ್ತದೆ. ಲೈನ್ ಸುಧಾರಿಸಿದರೆ ಕೂಡಿಟ್ಟದ್ದನ್ನು ಬೇಗ ಬೇಗ ಆಡಿಸಿ ಖಾಲಿ ಮಾಡುತ್ತದೆ. ಶ್ರುತಿ ಬದಲಾಗದ ಹಾಗೆ ಎಳೆಯುವುದರಿಂದ ಸ್ವರ ಅಣ್ಣನದೇ, ಗತಿ ಮಾತ್ರ ಬೇರೆ. ಹಳೆಯ ಪದ್ಧತಿಯಲ್ಲಿ ಮಾತಿನ ನಡುವಿನ ಮೌನವನ್ನಷ್ಟೇ ಹಿಗ್ಗಿಸಿ ಕುಗ್ಗಿಸುತ್ತಿದ್ದರು. ನನಗೆ ಈಗಲೂ ಅದೇ ಇಷ್ಟ, ಆದರೆ ಬಾಯಿ ಮುಚ್ಚದೆ ಮಾತಾಡುವವರ ಹತ್ತಿರ ಅದು ನಡೆಯುವುದಿಲ್ಲ.

ಬ್ರೌಸರ್, ಆ್ಯಪ್‌ಗಳಲ್ಲಿ ಕಾಲ್ ಮಾಡಿಸುವ ವೆಬ್‌ಆರ್‌ಟಿಸಿ ಅನ್ನುವ ತಂತ್ರಾಂಶದಲ್ಲಿ ಈ ಕೆಲಸ ಮಾಡುವ ಭಾಗದ ಹೆಸರು ನೆಟ್‌ಈಕ್ಯೂ. ಗೂಗಲ್ 2010ರಲ್ಲಿ ಕೊಂಡ ಕಂಪನಿಯಿಂದ ಬಂದದ್ದು, 2011ರಿಂದ ಕೋಡ್ ಎಲ್ಲರಿಗೂ ತೆರೆದಿದೆ. ತಟ್ಟೆ ಪೂರ್ತಿ ಖಾಲಿಯಾದರೆ ಹಿಂದಿನ ಸದ್ದಿನಿಂದಲೇ ತೇಪೆ ಹಾಕುತ್ತದೆ. ತೇಪೆ ಉದ್ದವಾದಾಗಲೇ ರೋಬೋಟ್ ಸ್ವರ ಕೇಳುವುದು.

ಅಕ್ಕಾ, ಟೀವಿಗೆ ಲ್ಯಾನ್ ಕೇಬಲ್ ಹಾಕಿ. ವೈಫೈ ಕಾಲ್‌ಗೆ ಬಿಡುವಾಗುತ್ತದೆ.

ಉಡುಪಿ_ಅಕ್ಕ
ಕೇಬಲ್ ಎಳೆದೆವು. ನಿನ್ನೆ ಒಂದೇ ಸಲ ಮಾತು ಎಳೆಯಿತು, ಹೋಗಿ ನೋಡಿದರೆ ಮಗ ಮೊಬೈಲಿನಲ್ಲಿ ಗೇಮ್ ಡೌನ್‌ಲೋಡಿಗೆ ಹಾಕಿದ್ದ.