ಊರಿನ ಗುಂಪನ್ನು ಕಂಪನಿ ಪುಟದಿಂದ ಹೊರಗೆ ತರಬೇಕು, ಮಾಡಿದವರು ಅನುಭವ ಹೇಳಿ

ಹಿನ್ನೀರು:
ಸಾಗರದ ಕಡೆಯವನು ನಾನು. ಸೋಷಿಯಲ್ ಮೀಡಿಯಾ ಕಂಪನಿಯೊಂದರ ಜಾಲದಲ್ಲಿ ಊರಿನ ಹೆಸರಲ್ಲಿ ಒಂದು ಪುಟ ಇದೆ, ಸುಮಾರು 400 ಜನ. ರಕ್ತ ಬೇಕು, ಅಡಿಕೆ ಕೊಯ್ಲಿಗೆ ಆಳು ಬೇಕು, ಇಂಥವರು ತೀರಿಕೊಂಡರು, ಎಲ್ಲ ಅಲ್ಲೇ. ಕಾಡಂಚಲ್ಲಿ ಮಂಗ ಸತ್ತು ಬಿದ್ದಿದ್ದರೆ ಫೋಟೋ ಹಾಕಿ ಎಚ್ಚರಿಸುವುದೂ ಅಲ್ಲೇ. ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲಿ 1957ರಿಂದ ಇದೆ, ತಮಾಷೆ ಅಲ್ಲ. ಕಳೆದ ತಿಂಗಳು ಅಂಥದ್ದೇ ಫೋಟೋಗೆ 'ಹಿಂಸೆ' ಅಂತ ಹೆಸರಿಟ್ಟು ಪುಟಕ್ಕೆ ಬೀಗ ಹಾಕಿದರು. ಮನವಿ ಕಳಿಸಿದರೆ ಯಂತ್ರ ಉತ್ತರ ಕೊಡುತ್ತೆ. ಅದಕ್ಕೂ ಮುಂಚೆ, ರಕ್ತ ಬೇಕು ಅನ್ನುವ ಪೋಸ್ಟು ಕೆಲವರಿಗೆ ಎರಡು ದಿನ ಬಿಟ್ಟು ಕಾಣಿಸುತ್ತಿತ್ತು. ಸ್ವಂತದ್ದು ಮಾಡಿಕೊಂಡವರು ಇದ್ದೀರಾ? ಖರ್ಚೆಷ್ಟು? ವಯಸ್ಸಾದವರು ಬಂದರಾ?

ಸರ್ವರ್ ಸೀನ:
ನಾನು ಮಾಡಿದ್ದೀನಿ. ಈಗಲೂ ನಡೀತಿದೆ, ಯಾರು ಏನೇ ಹೇಳಲಿ. 2022ರ ಅಕ್ಟೋಬರ್‌ನಲ್ಲಿ ಮಸ್ಕ್ 4,400 ಕೋಟಿ ಡಾಲರಿಗೆ ಟ್ವಿಟರ್ ಕೊಂಡಾಗ ಎಲ್ಲರ ಬಾಯಲ್ಲೂ ಮ್ಯಾಸ್ಟೊಡಾನ್. ಟ್ವಿಟರ್ ಥರದ್ದೇ, ಆದರೆ ಯಾರು ಬೇಕಾದರೂ ಸ್ವಂತ ಸರ್ವರ್ ಇಟ್ಟು ಬೇರೆ ಸರ್ವರಿನವರ ಜೊತೆ ಮಾತಾಡಬಹುದು. ಕನ್ನಡದವರಿಗೇ ಅಂತ ಒಂದು ಸರ್ವರ್ ಎಬ್ಬಿಸಿದೆ. 2 ಜಿಬಿಯ ವಿಪಿಎಸ್, ಅಂದರೆ ಬಾಡಿಗೆ ಸರ್ವರ್, ತಿಂಗಳಿಗೆ 850. ಉಸಿರು ಕಟ್ಟಿತು. 4 ಜಿಬಿಗೆ ಹೋದೆ, 1,700. ಆಮೇಲೆ ಡಿಸ್ಕ್. ಇದನ್ನು ಯಾರೂ ಮೊದಲೇ ಹೇಳಲ್ಲ. ನಮ್ಮವರು ಹಾಕೋ ಫೋಟೋ ಕಮ್ಮಿ. ನಮ್ಮವರು ಫಾಲೋ ಮಾಡೋ ಬೇರೆ ಸರ್ವರಿನವರ ಫೋಟೋಗಳ ನಕಲು ಬಂದು ನಮ್ಮ ಡಿಸ್ಕಲ್ಲಿ ಕೂರುತ್ತೆ. ಜರ್ಮನಿಯ ಯಾರದೋ ಬೆಕ್ಕಿಗೆ ನಾನು ಬಾಡಿಗೆ ಕಟ್ಟಬೇಕು. ಟೂಟ್‌ಸಿಟಿಎಲ್ ಅನ್ನೋ ಮ್ಯಾಸ್ಟೊಡಾನಿನ ಕಮಾಂಡ್ ಓಡಿಸಿ ಗುಡಿಸ್ತಾ ಇರಬೇಕು, ಸಾಲದ್ದಕ್ಕೆ ಹೊರಗಿನ ಸ್ಟೋರೇಜ್, ತಿಂಗಳಿಗೆ 420. ಡೊಮೇನ್ ಮೊದಲ ವರ್ಷ 199, ರಿನ್ಯೂವಲ್ 1,049. ಹಗಲು ದರೋಡೆ.

ಮೇಲ್ ಇನ್ನೊಂದು ಗೋಳು. ವಿಪಿಎಸ್ ಕೊಟ್ಟವರು ಮೇಲ್ ಹೊರಗೆ ಹೋಗೋ ಬಾಗಿಲು, ಪೋರ್ಟ್ 25, ಮುಚ್ಚಿದ್ದರು. ಹೊರಗಿನ ಮೇಲ್ ಸೇವೆ ಹಿಡಿದೆ, ಎಸ್‌ಪಿಎಫ್, ಡಿಕಿಮ್ ಅಂತ ಮೇಲ್ ನಕಲಿಯಲ್ಲ ಅಂತ ತೋರಿಸೋ ಗುರುತು ಎಲ್ಲ ಹಾಕಿದೆ, ಆದರೂ ಪಾಸ್‌ವರ್ಡ್ ಮೇಲ್ ಹೋಗಿ ಬೀಳೋದು ಸ್ಪ್ಯಾಮಿಗೆ. ಓಟಿಪಿ ಎಸ್ಸೆಮ್ಮೆಸ್ ಕಳಿಸೋಣ ಅಂದರೆ ಟೆಲಿಕಾಂ ಕಂಪನಿಯ ಹತ್ತಿರ ಡಿಎಲ್‌ಟಿ ನೋಂದಣಿ, 5,900. ಪ್ಯಾನ್ ಕೊಡಿ, ಲೆಟರ್‌ಹೆಡ್ ಕೊಡಿ. ನಾವೇನು ಕಂಪನೀನಾ?

ದೇಣಿಗೆಗೆ ಕ್ಯೂಆರ್ ಹಾಕಿದೆ. ಕವಿಗಳು ಬಂದರು, ಬರೆದರು, ಕಾಸು ಬಿಚ್ಚಲಿಲ್ಲ. ಮೂರು ತಿಂಗಳಲ್ಲಿ ಅರ್ಧ ಜನ ವಾಪಸ್, ಇಲ್ಲಿ ಲೈಕ್ ಬರಲ್ಲವಂತೆ! ಉಳಿದ 60 ಜನ ಮಾತ್ರ ಒಬ್ಬರನ್ನೊಬ್ಬರು ನಿಜವಾಗಿ ಓದ್ತಾರೆ. ಆರ್ಕುಟ್ 2014ರಲ್ಲಿ ಹೋಯ್ತು, ಗೂಗಲ್ ಪ್ಲಸ್ 2019, ಯಾಹೂ ಗ್ರೂಪ್ಸ್ 2020, ನಮ್ಮ ಬೆಂಗಳೂರಿನ ಕೂ 2024. ನಂದು ಇದೆ.

ಸಿರಸಿ ಅಕ್ಕ:
ಸೀನ ಅವರೇ, ನಿಮ್ಮದು ಬೆಂಗಳೂರಿನ ಕಷ್ಟ. ಕರೆಂಟೇ ನೆಟ್ಟಗಿರದ ಊರಿನ ಕಥೆ ಕೇಳಿ. ನಮ್ಮ ಕುಟುಂಬ, ಸುತ್ತಲ ನಾಲ್ಕು ಕೇರಿ ಸೇರಿ 110 ಜನಕ್ಕೆ ಮನೆಯಲ್ಲೇ ಎಕ್ಸ್‌ಎಂಪಿಪಿ ಸರ್ವರ್ ಇಟ್ಟಿದ್ದೇನೆ, ಮೆಸೇಜ್ ಕಳಿಸಲು ಯಾರು ಬೇಕಾದರೂ ಬಳಸಬಹುದಾದ ವ್ಯವಸ್ಥೆ ಅದು. ಹಳೇ ಮಿನಿ ಪಿಸಿ 7,500. ಫೈಬರ್ ಇದೆಯಲ್ಲ, ಸಾಕು ಅಂದುಕೊಂಡೆವು. ಸಾಲಲಿಲ್ಲ, ಅದು ಸಿಜಿನ್ಯಾಟ್ ಹಿಂದೆ ಕೂತಿತ್ತು, ಅಂದರೆ ಹಲವು ಮನೆಗಳಿಗೆ ಸೇರಿ ಒಂದೇ ಇಂಟರ್ನೆಟ್ ವಿಳಾಸ, ಹೊರಗಿನಿಂದ ಯಾರೂ ಒಳಗೆ ಬರಲು ಆಗಲ್ಲ. ನಮ್ಮದೇ ಬದಲಾಗದ ವಿಳಾಸ, ಸ್ಟ್ಯಾಟಿಕ್ ಐಪಿಗೆ ವರ್ಷಕ್ಕೆ 3,000, ಮೇಲೆ ಜಿಎಸ್‌ಟಿ. ಮೇ ತಿಂಗಳಲ್ಲಿ ಸಿಡಿಲು ಹೊಡೆದು ಫೈಬರ್ ಡಬ್ಬಿಯೂ ಹೋಯ್ತು, ಪಿಸಿಯ ಲ್ಯಾನ್ ಪೋರ್ಟೂ ಹೋಯ್ತು. 2,200 ಮತ್ತು 650. ಈಗ ಗುಡುಗು ಕೇಳಿದರೆ ಅತ್ತೆಯೇ ಓಡಿಹೋಗಿ ಪ್ಲಗ್ ಕೀಳುತ್ತಾರೆ. ಗುಂಪು ಬಂದ್, ಊರಿಗೆಲ್ಲ ಗೊತ್ತು ಯಾಕೆ ಅಂತ.

ಅದೆಲ್ಲ ಬಿಡಿ, ದೊಡ್ಡ ಶತ್ರು ಫೋನಿನ ಬ್ಯಾಟರಿ ಸೇವರ್. ಅಗ್ಗದ ಫೋನುಗಳು ಆಪ್ ಅನ್ನು ಹಿಂದಿನಿಂದ ಕೊಲ್ಲುತ್ತವೆ, ಮೆಸೇಜ್ ಬರೋದೇ ಇಲ್ಲ. ದೊಡ್ಡ ಭಾವನಿಗೆ ಆಸ್ಪತ್ರೆಯ ಸುದ್ದಿ ಮುಟ್ಟಿದ್ದು ಮಾರನೇ ದಿನ, ಬೈದದ್ದು ನನಗೆ. ಆಮೇಲೆ ಮದುವೆ ಮನೆಗಳಲ್ಲಿ ಬಾಳೆ ಹಾಕುವ ಮುಂಚೆ ಮೂಲೆ ಹಿಡಿದು ಕೂತು, ಒಬ್ಬೊಬ್ಬರ ಫೋನ್ ಇಸ್ಕೊಂಡು, ಸೆಟ್ಟಿಂಗ್ಸ್, ಆಪ್ಸ್, ಬ್ಯಾಟರಿ, 'ನಿರ್ಬಂಧ ಬೇಡ' ಒತ್ತಿ ಕೊಟ್ಟೆ. ಅಪ್‌ಡೇಟ್ ಬಂದರೆ ಅದು ಮತ್ತೆ ಹಳೇ ಕಡೆಗೇ ಹೋಗುತ್ತೆ. ಆದರೂ ಯಾವ ಅಜ್ಜಿಯ ಫೋನ್ ಯಾವುದು ಅಂತ ನನಗೆ ಗೊತ್ತು. ಯಾವ ಕಂಪನಿಗೆ ಗೊತ್ತಿದೆ?

ಬೀದರ ಮೇಷ್ಟ್ರು:
ನೋಡ್ರಿ, ಇಷ್ಟೆಲ್ಲ ರೊಕ್ಕ ಸುಡೋದು ಯಾಕ? ನಮ್ಮದು ವಾಟ್ಸಾಪ್ ಗ್ರೂಪ್, ಖರ್ಚು ಸೊನ್ನಿ. 2018ರ ಜುಲೈಯಲ್ಲಿ ನಮ್ಮ ಜಿಲ್ಲೆಯ ಮುರ್ಕಿಯಲ್ಲಿ ಏನಾಯ್ತು ನೆನಪದಾ? ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬ ಮಕ್ಕಳಿಗೆ ಚಾಕಲೇಟ್ ಕೊಟ್ಟ. ಮಕ್ಕಳ ಕಳ್ಳ ಅಂತ ಮೊಬೈಲಿನಲ್ಲಿ ಸುದ್ದಿ ಹಬ್ಬಿತು, ಜನ ಹೊಡೆದು ಕೊಂದರು. ಅವತ್ತಿನಿಂದ ನಮ್ಮ ಗ್ರೂಪಿನಲ್ಲಿ ಒಂದೇ ಕಾಯಿದೆ. ಯಾರು ಹೇಳಿದ್ದು ಅಂತ ಗೊತ್ತಿಲ್ಲದ ಫಾರ್ವರ್ಡ್ ಬಂದರೆ ನಾನು ಹಾಕಿದವರಿಗೆ ಫೋನ್ ಹಚ್ಚುತ್ತೇನೆ. ಮೆಸೇಜ್ ಅಲ್ಲ, ಫೋನ್. ರಾತ್ರಿ ಒಂಬತ್ತಕ್ಕೆ 'ಅಡ್ಮಿನ್ ಮಾತ್ರ' ಮಾಡಿ ಮಲಗುತ್ತೇನೆ. ಸೋದರ ಸಂಬಂಧಿ ಒಬ್ಬರಿಗೆ ಹೀಗೇ ಫೋನ್ ಮಾಡಿ ತೆಗಿ ಅಂದೆ, ಎಲ್ಲರ ಮುಂದೆ ಮಾನ ಕಳೆದಿ ಅಂದರು. ಅವರ ಮಗಳ ನಿಶ್ಚಿತಾರ್ಥಕ್ಕೆ ನನಗೆ ಹೇಳಿಕಳಿಸಲಿಲ್ಲ. ಇರಲಿ. ಸರ್ವರ್ ಬದಲಾದರೆ ಸುಳ್ಳು ಖರೇ ಆಗ್ತದೇನ್ರಿ?

ಸರ್ವರ್ ಸೀನ:
ಮೇಷ್ಟ್ರೇ, ಮುರ್ಕಿ ನನ್ನ ಪರವಾಗಿ ಮಾತಾಡುತ್ತೆ. ಒಂದು ಒತ್ತಿಗೆ ಊರೆಲ್ಲ ಹರಡೋ ಗುಂಡಿ ಇಟ್ಟವರು ಯಾರು? ಫಾರ್ವರ್ಡ್ ಒಂದು ಸಲಕ್ಕೆ ಐದು ಚಾಟಿಗಷ್ಟೇ ಅಂತ ವಾಟ್ಸಾಪ್ ಇಲ್ಲಿ ಮಿತಿ ಹಾಕಿದ್ದು ಜನ ಸತ್ತ ಮೇಲೆ. ಅವರ ಕೆಲಸ ನೀವು ಬಿಟ್ಟಿ ಮಾಡ್ತಿದ್ದೀರಿ. ಖರ್ಚು ಸೊನ್ನೆ ಅಂದಿರಲ್ಲ, ನಿಶ್ಚಿತಾರ್ಥದ ಲೆಕ್ಕ ಯಾವ ಖಾತೆಗೆ?

ಬೀದರ ಮೇಷ್ಟ್ರು:
ಮನಿತನದ ವಿಷಯ ಎತ್ತಬ್ಯಾಡ್ರಿ ತಮ್ಮಾ. ನಿಮ್ಮ 60 ಕವಿಗಳಲ್ಲಿ ಒಬ್ಬನಿಗೆ ರಾತ್ರಿ ರಕ್ತ ಬೇಕಾದರೆ ಎಷ್ಟು ಮಂದಿ ಏಳ್ತಾರ, ಅದು ಹೇಳ್ರಿ.

ಸಿರಸಿ ಅಕ್ಕ:
ಸೀನ ಅವರೇ, ನಿಮ್ಮ ಮ್ಯಾಸ್ಟೊಡಾನ್‌ನಲ್ಲಿ ಬೂಸ್ಟ್ ಇಲ್ವಾ, ಬೇರೆಯವರ ಪೋಸ್ಟನ್ನು ನಮ್ಮವರಿಗೆ ತೋರಿಸೋದು? ಅದೂ ಹರಡೋ ಗುಂಡಿನೇ ತಾನೇ.

ಸರ್ವರ್ ಸೀನ:
ಬೂಸ್ಟೇ ಬೇರೆ ಅಕ್ಕ. ಬರೆದವನ ಹೆಸರು ಅಂಟಿಕೊಂಡೇ ಹೋಗುತ್ತೆ, ಮೂಲ ಅಳಿಸಿದರೆ ಬೂಸ್ಟೂ ಹೋಗುತ್ತೆ. ಫಾರ್ವರ್ಡಿಗೆ ಅಪ್ಪ ಅಮ್ಮ ಇಲ್ಲ. ಮೇಷ್ಟ್ರೇ, ಹೋದ ವರ್ಷ ಒಬ್ಬರಿಗೆ ಪ್ಲೇಟ್‌ಲೆಟ್ ಬೇಕಾದಾಗ ನಾಲ್ವರು ಎದ್ದು ಹೋದರು. ಅದರಲ್ಲಿ ಇಬ್ಬರು ಕವಿಗಳೇ.

ಕಪ್ಪು ಕೋಟು:
ಅಡ್ಮಿನ್‌ಗೆ ಜೈಲು ಅಂತ ಹೆದರೋರಿಗೆ ಒಂದು ಮಾತು. ಸದಸ್ಯ ಹಾಕಿದ್ದಕ್ಕೆ ಬರೀ ಅಡ್ಮಿನ್ ಅನ್ನೋ ಕಾರಣಕ್ಕೆ ಹೊಣೆ ಬರಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದೆ, 2022ರಲ್ಲಿ ಕೇರಳ ಹೈಕೋರ್ಟೂ ಹೇಳಿದೆ. ಸ್ವಂತ ಸರ್ವರ್ ಇಟ್ಟರೆ ಲೆಕ್ಕ ಬೇರೆ, ಕಾನೂನಿನ ಕಣ್ಣಲ್ಲಿ ನೀವೇ ಮಧ್ಯವರ್ತಿ, ಅಂದರೆ ಬೇರೆಯವರು ಬರೆದದ್ದನ್ನು ಇಟ್ಟು ತೋರಿಸುವವರು. 2021ರ ಐಟಿ ನಿಯಮದ ಪ್ರಕಾರ ದೂರು ಯಾರಿಗೆ ಕೊಡಬೇಕು ಅಂತ ಹೆಸರು, ವಿಳಾಸ ಹಾಕಿ. ಇದರ ಮೇಲಿನ ಹೆಚ್ಚುವರಿ ನಿಯಮಗಳು 50 ಲಕ್ಷ ಬಳಕೆದಾರರನ್ನು ದಾಟಿದವರಿಗೆ. ಸೀನ, ನಿಮ್ಮ ಪುಟದಲ್ಲಿ ಹೆಸರಿಲ್ಲ, ನೋಡಿದೆ.

ಸರ್ವರ್ ಸೀನ:
ಫೀಸ್ ಎಷ್ಟು ಸಾರ್, ಈ ಸಲಹೆಗೆ?

ಡಲ್ಲಾಸ್ ಕನ್ನಡಿಗ:
ನಮ್ಮ ಕೂಟದ ಹದಿನೈದು ವರ್ಷದ ಮಾತುಕತೆ ಒಂದು ಕಂಪನಿಯ ಪುಕ್ಕಟೆ ಗುಂಪಿನಲ್ಲಿತ್ತು. ಬಾಗಿಲು ಹಾಕ್ತೀವಿ ಅಂದರು. ಇಳಿಸಿಕೊಂಡ ಫೈಲಿನಲ್ಲಿ ಫೋಟೋ ಒಂದೂ ಇಲ್ಲ. ಅಕ್ಷರಗಳದ್ದು ಇನ್ನೊಂದು ಕಥೆ. ಸ್ವಲ್ಪ ಇಂಗ್ಲಿಷ್ ಅಕ್ಷರದ ಕನ್ನಡ, ಸ್ವಲ್ಪ ಬರಹ, ಸ್ವಲ್ಪ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳದ್ದು. ನುಡಿಯಲ್ಲಿ ಬರೆದದ್ದೆಲ್ಲ ಬರೀ ಗೀಚು. ಎಲ್ಲ ಕಂಪ್ಯೂಟರಲ್ಲೂ ಓದಲು ಬರುವ ಯೂನಿಕೋಡಿಗೆ ತರಲು ಒಬ್ಬ ವಿದ್ಯಾರ್ಥಿಗೆ 300 ಡಾಲರ್ ಕೊಟ್ಟೆವು. ಈಗ ಸ್ವಂತ ಮೇಲಿಂಗ್ ಲಿಸ್ಟ್, ತಿಂಗಳಿಗೆ 6 ಡಾಲರ್, ಸರದಿಯಲ್ಲಿ ಕಟ್ಟುತ್ತೇವೆ. ಹೊಸ ಹುಡುಗರು ಬರಲ್ಲ. ಆದರೆ ಒಬ್ಬ ತೀರಿಕೊಂಡು ದೇಹ ಊರಿಗೆ ಕಳಿಸಬೇಕಾದಾಗ ಆ ಲಿಸ್ಟಿನಲ್ಲೇ ಒಂದೇ ದಿನ ಹಣ ಸೇರಿತು.

ಹಳೇ ಟೈಪಿಸ್ಟ್:
ನುಡಿಯನ್ನು ಬೈಬೇಡಿ ಸ್ವಾಮಿ. ಆಗ ಯೂನಿಕೋಡ್ ಹಾಕಿದರೆ ಒತ್ತಕ್ಷರ ಒಡೆದು ಕೂರುತ್ತಿತ್ತು. ಸರ್ಕಾರದ ಅರ್ಧ ಕಡತ ನುಡಿಯಲ್ಲೇ ಇದೆ. ಅಮೆರಿಕದಲ್ಲಿ ಕೂತು ಗೀಚು ಅನ್ನೋದು ಸುಲಭ.

ಡಲ್ಲಾಸ್ ಕನ್ನಡಿಗ:
ಗೀಚು ಅಂದದ್ದು ತೆರೆಯ ಮೇಲೆ ಕಂಡದ್ದನ್ನು. ಅಮೆರಿಕ ಯಾಕೆ ಬಂತು ನಡುವೆ?

ತೀರ್ಥಹಳ್ಳಿ ಭಟ್ಟ:
ಅಕ್ಕಾ, ಕರೆಂಟ್ ಹೋದಾಗ ಏನು ಮಾಡ್ತೀರಿ? ನಾನು ಇನ್ವರ್ಟರಿಗೆ ಟ್ಯೂಬುಲರ್ ಬ್ಯಾಟರಿ ಹಾಕಿಸಿದೆ, 16,500. ನೀರು ತುಂಬಿ ತುಂಬಿ ಸಾಕಾಯ್ತು.

ಸಿರಸಿ ಅಕ್ಕ:
ಇಷ್ಟಕ್ಕೆ ಇನ್ವರ್ಟರ್ ಯಾಕೆ ಭಟ್ಟರೇ? ಫೈಬರ್ ಡಬ್ಬಿಗೆ ಒಂದು, ಪಿಸಿಗೆ ಒಂದು, 12 ವೋಲ್ಟಿನ ಪುಟ್ಟ ಯುಪಿಎಸ್ ಸಾಕು. ಒಂದಕ್ಕೆ 1,400. ಪಿಸಿಯ ಅಡಾಪ್ಟರ್ 19 ವೋಲ್ಟಿನದ್ದಾದರೆ ಮಾತ್ರ ತಗೊಳ್ಳಬೇಡಿ, ಸುಮ್ನೆ ದುಡ್ಡು ದಂಡ.